ಕ್ರೇನ್ ಆಪರೇಟರನ ನಾಲಿಗೆ

"ಈಗ ಹಗಲೊತ್ತು ತೂಕಡಿಕೆ ಬರುತ್ತಾ?" ಎಂದು ವೈದ್ಯಾಧಿಕಾರಿ ಕೇಳಿದ್ದಕ್ಕೆ ಕ್ರೇನ್ ಆಪರೇಟರ್ ಅವರತ್ತ ನಾಲಿಗೆ ಚಾಚಿದ.

"ನಾನಿನ್ನೂ ನಾಲಿಗೆ ತೋರ್ಸಿ ಅಂದಿಲ್ಲ."

ಅವನು ತಟ್ಟನೆ ಬಾಯಿ ಮುಚ್ಚಿಕೊಂಡ. ಮುಂದಿನ ಉಸಿರಿಗೆ ನಾಲಿಗೆ ಮತ್ತೆ ಹೊರಬಂತು. ಅದರ ಮುಂದಿನದಕ್ಕೂ ಬಂತು. ಅಧಿಕಾರಿಯ ಮುಖ ಗಂಟಿಕ್ಕಿತು. ಈ ಹೆಂಗಸು 'ಫಿಟ್' ಎಂದು ಬರೆದುಕೊಟ್ಟರೆ ಮಾತ್ರ ಅವನು ಮತ್ತೆ ಕ್ಯಾಬಿನ್ ಹತ್ತಬಹುದು. ಇಲ್ಲದಿದ್ದರೆ ಉಳಿದ ಸರ್ವಿಸೆಲ್ಲ ಉಗ್ರಾಣದ ಬಾಗಿಲು ಕಾಯುವುದೇ.

ತಪ್ಪು ಅವನದೇ. ನಿದ್ದೆಯಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಉಸಿರು ಕಟ್ಟುತ್ತಿದ್ದುದಕ್ಕೆ ಎದೆಯ ಚರ್ಮದಡಿ ಪುಟ್ಟ ಯಂತ್ರವೊಂದನ್ನು ಕೂರಿಸಿದ್ದರು. ಮಲಗುವಾಗ ರಿಮೋಟನ್ನು ಎದೆಗಿಟ್ಟು ಒತ್ತಿದರೆ, ನಿದ್ದೆ ಹತ್ತಲೆಂದು ಅರ್ಧ ಗಂಟೆ ಬಿಟ್ಟು, ಅದು ನಾಲಿಗೆಯ ನರವನ್ನು ಮೀಟಿ ಉಸಿರುಸಿರಿಗೂ ನಾಲಿಗೆಯನ್ನು ಮುಂದಕ್ಕೆ ತಳ್ಳುತ್ತದೆ. ಕೆಲಸಕ್ಕೆ ಮುಂಚೆ ಯಂತ್ರವನ್ನೊಮ್ಮೆ ಆಡಿಸಿ ನೋಡುವುದು ಕ್ರೇನಿನವರ ರೂಢಿ. ಹೊರಗೆ ಬೆಂಚಿನ ಮೇಲೆ ಕಾಯುವಾಗ ಇದನ್ನೂ ಆಡಿಸಿ ನೋಡಿದ್ದ. ಒತ್ತಿದ ಕೂಡಲೇ, ಆನ್ ಆಯಿತೆಂಬ ಗುರುತಿಗೆ, ನಾಲಿಗೆ ಒಮ್ಮೆ ಮಿಸುಕಿತು. ಸರಿಯಿದೆ ಎಂದುಕೊಂಡು, ಆಫ್ ಮಾಡುವುದನ್ನು ಮರೆತು, ರಿಮೋಟನ್ನು ಜೊತೆಗೆ ಬಂದಿದ್ದ ಭಾವಮೈದುನನ ಕೈಗಿತ್ತು ಒಳಗೆ ಬಂದಿದ್ದ. ಆ ಅರ್ಧ ಗಂಟೆ ಈಗ ಮುಗಿದಿತ್ತು.

"ಏನ್ರೀ, ನನ್ನನ್ನ ಅಣಕಿಸ್ತಾ ಇದೀರಾ?"

"ಇಲ್ಲ ಮೇ..." ಎನ್ನುವಷ್ಟರಲ್ಲಿ ನಾಲಿಗೆ ಅಡ್ಡ ಬಂತು. ಅವನು ಗಾಜಿನ ಬಾಗಿಲ ಕಡೆ ತಿರುಗಿ, ಎರಡೂ ತೋಳು ಅಗಲಿಸಿ, ಅಂಗೈ ಕೆಳಗೆ ಮಾಡಿ ಬೀಸತೊಡಗಿದ.

ಭಾವಮೈದುನ ಒಳಗೆ ನುಗ್ಗಿ, ಭಾವನ ಎದೆಗೆ ರಿಮೋಟ್ ಇಟ್ಟು ಆಫ್ ಮಾಡಿದ. "ಅದು 'ತಕ್ಷಣ ನಿಲ್ಸು' ಅಂತ ಮೇಡಂ. ಸೈಟಲ್ಲಿ ಕೆಳಗೆ ನಿಂತು ಭಾವಂಗೆ ಸನ್ನೆ ಮಾಡೋನು ನಾನೇ. ಅವರು ನಂಗೆ ಮಾಡಿದ್ದು ಇವತ್ತೇ ಫಸ್ಟು."

ಅಧಿಕಾರಿ ಕಡತ ನೋಡಿದರು. "ಮೇಲೆ ನಿದ್ದೆ ಮಾಡ್ತಾರೆ ಅಂತ ಕಂಪ್ಲೇಂಟ್ ಕೊಟ್ಟೋರು ಯಾರು?"

"ಅದೂ ನಾನೇ." ಅವನು ತಲೆ ಕೆರೆದುಕೊಂಡ. "ಇಳ್ಸು ಅಂತ ಕೈ ಆಡ್ಸಿ ಆಡ್ಸಿ ಭುಜ ಬಿದ್ದೋಯ್ತು. ಕಬ್ಬಿಣದ ತೊಲೆ ಗಾಳೀಲಿ ತೂಗಾಡ್ತಿದೆ, ಇವರು ಮೇಲೆ ಗೊರಕೆ ಹೊಡೀತಿದಾರೆ! ನಮ್ಮಕ್ಕ ಇವತ್ತಿಗೂ ನನ್ನ ಹತ್ರ ಮಾತಾಡಲ್ಲ."

"ಸರಿ, ನೀವೇ ಹೇಳಿ. ನಾಳೆ ಇವರು ಎತ್ತಿದ ಲೋಡಿನ ಕೆಳಗೆ ಧೈರ್ಯವಾಗಿ ನಿಲ್ತೀರಾ?"

ಆಪರೇಟರ್ ಉಸಿರು ಬಿಗಿಹಿಡಿದು ಅವನ ಮುಖ ನೋಡಿದ.

"ಲೋಡಿನ ಕೆಳಗೆ ಯಾರೂ ನಿಲ್ಲೋ ಹಾಗಿಲ್ಲ ಮೇಡಂ, ರೂಲ್ಸು," ಎಂದ ಭಾವಮೈದುನ. "ಆದ್ರೆ ಇವರಿಗೆ ಸನ್ನೆ ಮಾಡೋಕೆ ಬೇರೆ ಯಾರನ್ನಾದ್ರೂ ನಿಲ್ಸಿದ್ರೆ ಮಾತ್ರ ನಾನು ಬಿಡಲ್ಲ."