ಸ್ಕ್ರೀನಿನ ಕೆಳಗಿನ ಡಬ್ಬ

"ಇದು ಕನಸಿನ ಊರು ಕಣ್ರೀ," ಎಂದು ಡಾಕ್ಟರು ಮುಖ ಸಿಂಡರಿಸಿದರು. ಪಕ್ಕದಲ್ಲಿ ಕೂತಿದ್ದ ಸಂಶೋಧಕಿ ಕಂಪ್ಯೂಟರಿನೊಳಗೆ ಕಟ್ಟಿದ್ದ ಊರಿನಲ್ಲಿ ಲಕ್ಷ ಜನ ಹುಟ್ಟಿ, ಮುದುಕರಾಗಿ, ಸಾಯುತ್ತಿದ್ದರು; ಕರುಳಿನ ಕ್ಯಾನ್ಸರನ್ನು ಮೊದಲೇ ಹಿಡಿದರೆ ಎಷ್ಟು ಜೀವ ಉಳಿಯುತ್ತದೆಂದು ಅದು ಲೆಕ್ಕ ಹಾಕುತ್ತಿತ್ತು. "ನಿಮ್ಮೂರಲ್ಲಿ ಐವತ್ತು ತುಂಬಿದೋರೆಲ್ಲ ಸರ್ಕಾರ ಕಳಿಸೋ ಮಲ ಪರೀಕ್ಷೆ ಡಬ್ಬ ಬಂದ ತಕ್ಷಣ ತುಂಬಿಸಿ ವಾಪಸ್ ಕಳಿಸಿಬಿಡ್ತಾರೆ. ನಮ್ಮಲ್ಲಿ ಅರ್ಧ ಜನ ಕಳಿಸೋದೇ ಇಲ್ಲ."

"ಪುಕ್ಕಟೆ ಮನೆ ಬಾಗಿಲಿಗೇ ಬರುತ್ತೆ ಡಾಕ್ಟ್ರೇ, ಬುದ್ಧಿ ನೆಟ್ಟಗಿರೋರು ಯಾರಾದ್ರೂ ಬಿಡ್ತಾರಾ?" ಕೂತಲ್ಲೇ ಅವಳ ಕಾಲು ಕುಣಿಯುತ್ತಿತ್ತು, ಅದರ ಜೊತೆಗೆ ಮೇಜು ಅಲುಗಿ, ಸ್ಕ್ರೀನೂ ಓಲಾಡುತ್ತಿತ್ತು. ಅವಳ ಅಮ್ಮನಿಗೂ ಇದೇ ಕ್ಯಾನ್ಸರ್; ಗೊತ್ತಾಗುವಷ್ಟರಲ್ಲಿ ಕೈಮೀರಿ ಹೋಗಿತ್ತು. ಅಂದಿನಿಂದ ಇವಳಿಗೆ ಈ ಊರು ಬಿಟ್ಟರೆ ಬೇರೆ ಧ್ಯಾನವಿಲ್ಲ.

"ಬಿಡೋರೂ ಲೆಕ್ಕಕ್ಕೆ ಬರಬೇಕಲ್ವಾ? ಯಾಕೆ ಬಿಟ್ರಿ ಅಂತ ಒಬ್ಬರನ್ನಾದ್ರೂ ಕೇಳಿದ್ದೀರಾ?"

ಓಲಾಡುವ ಸ್ಕ್ರೀನನ್ನು ನಿಲ್ಲಿಸಲು ಅವಳು ಅಭ್ಯಾಸಬಲದಿಂದ ಅದರ ಕೆಳಗೆ ಕೈಹಾಕಿದಳು. ಎತ್ತರ ಸಾಲದೆಂದು ಹೋದ ತಿಂಗಳು ಅಲ್ಲಿ ತಾನೇ ಇಟ್ಟಿದ್ದ ರಟ್ಟಿನ ಡಬ್ಬ ಬೆರಳಿಗೆ ತಾಕಿತು. ಸೀಲು ಒಡೆದಿರಲಿಲ್ಲ. ಮೇಲೆ ಅವಳದೇ ಹೆಸರು. ತನಗೆ ಐವತ್ತು ತುಂಬಿ ಅದು ಅಂಚೆಯಲ್ಲಿ ಬಂದ ದಿನ, ಈ ಕೆಲಸ ಒಂದು ಮುಗಿದುಬಿಡಲಿ, ಆಮೇಲೆ ನೋಡಿದರಾಯಿತು ಅಂದುಕೊಂಡಿದ್ದಳು.

ಕುಣಿಯುತ್ತಿದ್ದ ಕಾಲು ನಿಂತಿತು.

"ಡಾಕ್ಟ್ರೇ, ಒಂಚೂರು ಈ ಸ್ಕ್ರೀನನ್ನ ಹಿಡ್ಕೊಳ್ಳಿ," ಎಂದವಳೇ ಡಬ್ಬವನ್ನು ಎಳೆದುಕೊಂಡು ಎದ್ದಳು. ಲಕ್ಷ ಜನರ ಊರು ವಾಲಿಕೊಂಡು ಡಾಕ್ಟರ ಎರಡೂ ಕೈಗೆ ಬಂತು.

"ಅರೆ, ಎಲ್ಲಿಗೆ ಹೊರಟ್ರಿ?"

"ಟಾಯ್ಲೆಟ್ಟಿಗೆ."