ಐದು ಹೊಲ, ನಾಲ್ಕು ಬಣ್ಣ

"ಅವನ ಹೊಲಕ್ಕೂ ಹಸರು, ನನ್ನ ಹೊಲಕ್ಕೂ ಹಸರು ಅಂದ್ರ ನಾ ಸಹಿ ಮಾಡೂದಿಲ್ರಿ," ಎಂದು ದುಂಡಪ್ಪ ಹೊಲ ಹಂಚಿಕೆಯ ನಕಾಶೆಯನ್ನು ಹೊಲ ಅಳೆಯಲು ಬಂದ ಮೋಜಣಿದಾರ ಭರಮಪ್ಪನತ್ತ ನೂಕಿದ. 'ಅವನು' ಎಂದರೆ ಅದೇ ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ ತಮ್ಮ ನಿಜಗುಣಪ್ಪ. ಒಂದು ಎತ್ತಿನ ಸಲುವಾಗಿ ಇಬ್ಬರೂ ಮಾತು ಬಿಟ್ಟು ಏಳು ವರ್ಷವಾಗಿತ್ತು.

ತಾಯಿ ಚನ್ನವ್ವ ಬಾಗಿಲ ಬಳಿ ನಿಂತು ಇಬ್ಬರನ್ನೂ ನೋಡಿದಳು. ಐವರು ಮಕ್ಕಳಿಗೆ ಹೊಲ ಹಂಚುವಾಗ ನೇಸರಗಿ ಊರಿನ ಹಿರಿಯರು ಬೇಕೆಂದೇ ಇವರಿಬ್ಬರಲ್ಲಿ ಒಬ್ಬನನ್ನು ಮೂಡಣ ತುದಿಗೆ, ಇನ್ನೊಬ್ಬನನ್ನು ಪಡುವಣ ತುದಿಗೆ ಹಾಕಿದ್ದರು. ಬೇಡವೆಂದು ಅವಳು ಅತ್ತರೂ ಯಾರೂ ಕೇಳಿರಲಿಲ್ಲ.

"ಐದನೇ ಬಣ್ಣ ಹಚ್ಚರಿ," ಎಂದ ದುಂಡಪ್ಪ.

ಭರಮಪ್ಪ ಕಿಸೆಯಿಂದ ಪತ್ರಿಕೆಯ ಚೂರೊಂದನ್ನು ತೆಗೆದು, ಗುಡಿಯಲ್ಲಿ ಕೊಡುವ ಅಂಗಾರದ ಪೊಟ್ಟಣದಂತೆ ಮೆಲ್ಲಗೆ ಬಿಚ್ಚಿದ. ಎಂಥ ನಕಾಶೆಗೂ ನಾಲ್ಕೇ ಬಣ್ಣ ಸಾಕೆಂದು ಅಮೇರಿಕಾದ ಗಣಿತದ ಮಾಸ್ತರರಿಬ್ಬರು ಆ ಎಪ್ಪತ್ತಾರನೇ ಇಸವಿಯಲ್ಲೇ ಕಂಪ್ಯೂಟರೆಂಬ ಯಂತ್ರದಿಂದ ರುಜುವಾತು ಮಾಡಿಸಿದ್ದರು. ಅದನ್ನು ಓದಿದ ದಿನವೇ ಭರಮಪ್ಪ ತನ್ನ ಐದನೇ ಶಾಯಿಯ ದೌತಿಯನ್ನು ಬಾವಿಗೆ ಒಗೆದಿದ್ದ.

"ಅಷ್ಟ ದೊಡ್ಡ ಯಂತ್ರ ಸಾವಿರದ ಇನ್ನೂರು ತಾಸು ದುಡದು ನಾಕ ಸಾಕು ಅಂದೈತಿ. ನಾ ಐದು ಹಚ್ಚಿದ್ರ ಅದು ಮಾರಿ ಎಲ್ಲಿ ಇಟಗೋಬೇಕ್ರಿ?"

"ಯಂತ್ರಕ್ಕ ಇವನ ಗುಣ ಗೊತ್ತಿಲ್ರಿ. ಇವತ್ತ ಒಂದ ಬಣ್ಣ ಅಂದ್ರ ನಾಳೆ ಒಂದ ಹೊಲ ಅಂತಾನ."

"ಆ ಹಸರು ನನಗೂ ಬ್ಯಾಡ್ರಿ," ಎಂದು ನಿಜಗುಣಪ್ಪ ಗೋಡೆಗೆ ಹೇಳಿದ. ಏಳು ವರ್ಷದಲ್ಲಿ ಅಣ್ಣತಮ್ಮಂದಿರು ಒಪ್ಪಿದ ಮಾತು ಅದೊಂದೇ.

ಚನ್ನವ್ವ ನಕಾಶೆಯ ಹತ್ತಿರ ಬಂದು ಕುಳಿತಳು. "ಸಾಹೇಬ್ರ, ಬದುವಿಗೆ ಬದು ಹತ್ತಿದ ಹೊಲಕ್ಕ ಒಂದ ಬಣ್ಣ ಹಚ್ಚತೀರೇನ್ರಿ?"

"ಛೇ ಛೇ. ಹತ್ತಿದ ಹೊಲಕ್ಕ ಬ್ಯಾರೆ ಬಣ್ಣನ ಆಗಬೇಕವ್ವಾ. ಅದ ಅದರ ಕಾಯ್ದೆ."

"ಹಂಗಾರ ದುಂಡಪ್ಪ, ನಿನ್ನ ಹೊಲ ಮುದಕಪ್ಪಗ ಕೊಟ್ಟು ಅವನ ಹಳದಿ ಹೊಲ ನೀ ತಗೋ. ಅದು ನಿಜಗುಣನ ಹೊಲಕ್ಕ ಹತ್ತೇತಿ. ಜನ್ಮದಾಗ ನಿಮ್ಮಿಬ್ಬರಿಗೆ ಒಂದ ಬಣ್ಣ ಬರಾಂಗಿಲ್ಲ."

ದುಂಡಪ್ಪ ನಕಾಶೆ ನೋಡಿದ. ನಿಜಗುಣಪ್ಪನೂ ಈ ಕಡೆ ತಿರುಗಿ ನೋಡಿದ. ವೈರಿಯ ಬಣ್ಣಕ್ಕಿಂತ ವೈರಿಯ ಬದುವೇ ವಾಸಿ ಎಂದು ಇಬ್ಬರಿಗೂ ಅನಿಸಿತು. ನಡುವಿನ ಮಗ ಮುದಕಪ್ಪ ಮಾತ್ರ, "ಬಣ್ಣ ಏನ ಬಿತ್ತೂದೈತೇನು, ಎರಡೂ ಕರಿ ಎರಿ ಭೂಮಿನ," ಎಂದು ಅಲ್ಲೇ ಒಪ್ಪಿಕೊಂಡ.

ಬದು ಹಂಚಿಕೊಳ್ಳುವವರೇ ಅಳತೆಯ ಸರಪಳಿ ಹಿಡಿಯುವುದು ಆ ಕಡೆಯ ವಾಡಿಕೆ. ಎಲ್ಲರೂ ಹೊಲಕ್ಕೆ ಹೋದರು. ಭರಮಪ್ಪ ಒಂದು ತುದಿಯನ್ನು ದುಂಡಪ್ಪನಿಗೆ, ಇನ್ನೊಂದನ್ನು ನಿಜಗುಣಪ್ಪನಿಗೆ ಕೊಟ್ಟ. ಸರಪಳಿ ನಡುವೆ ಜೋತುಬಿತ್ತು.

"ಬಿಗಿ ಹಿಡಿಯೋ," ಎಂದ ದುಂಡಪ್ಪ.

"ಹಿಡದೇನಿ. ನೀ ಸ್ವಲ್ಪ ಹಿಂದ ಸರಿ, ಅಣ್ಣಾ."

"ಬರೋಬ್ಬರಿ ಬಂತು," ಎಂದು ಭರಮಪ್ಪ ಅಳತೆ ಬರೆದುಕೊಂಡು ಸರಪಳಿ ಸುತ್ತಲು ಹೊರಟ. ಚನ್ನವ್ವ ಅಡ್ಡ ಬಂದಳು.

"ನನಗ್ಯಾಕೋ ತಪ್ಪಿದಂಗ ಕಾಣತೈತ್ರಿ ಸಾಹೇಬ್ರ. ಇನ್ನೊಮ್ಮೆ ಅಳೀರಿ."