ಆರರಲ್ಲೊಂದು ಪಾಲಿನ ಗಾಡಿ

ಅವತ್ತು ಮುಂಜಾನೆ ಗಂಗಾವತಿಯ ಮೇಲೆ ಭತ್ತದ ಗದ್ದೆಗಳ ಕಡೆಯಿಂದ ಮಂಜು ಬಂದು ಕೂತಿತ್ತು. ಎದುರುಮನೆಯ ತುಳಸಿಕಟ್ಟೆಯೂ ಕಾಣುತ್ತಿರಲಿಲ್ಲ. ಥಂಡಿ ತಾಗಿದರೆ ಹಸಿಬಣ್ಣ ಬಿಳಚಿಕೊಳ್ಳುತ್ತದೆ. ಕುಬೇರಪ್ಪ ಪೆಟ್ರೋಲ್ ಟ್ಯಾಂಕನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ದೇವರ ಕೋಣೆಗೆ ಓಡಿದ. ದೀಪದಿಂದ ಗೇಣು ದೂರಕ್ಕೆ ಇಟ್ಟ.

"ನಿನ್ನಿ ಗಾಲಿ, ಇವತ್ತ ಟ್ಯಾಂಕು," ಎಂದಳು ಹೆಂಡತಿ ಹುಲಗಮ್ಮ. "ನಾಳಿ ಸೈಲೆನ್ಸರಿಗೂ ನಾ ಊದಿನಕಡ್ಡಿ ಬೆಳಗಬೇಕೇನ್ರಿ?"

"ಮನಿಯಾಗ ಧೂಳಿಲ್ಲದ ಜಾಗ ಅದೊಂದ ಐತಿ."

"ಹಂಗಾರ ನಾನೂ ಅಲ್ಲೇ ಕುಂದರ್ತೀನಿ. ಉಳಿದ ಜಾಗ ನೀವ ಬಳೀರಿ."

ಕೊಪ್ಪಳದಲ್ಲಿರುವ ಮಗಳು ರೇಣುಕಾ ಆನ್‌ಲೈನಿನಲ್ಲಿ ತರಿಸಿಕೊಟ್ಟ ಮಾಡೆಲ್ ಕಿಟ್ಟು ಅದು. ನಿಜ ಮೋಟರ್‌ಸೈಕಲ್ಲಿನ ಆರರಲ್ಲೊಂದು ಪಾಲು. ನಿಲ್ಲಿಸಿದರೆ ಮೊಳಕ್ಕೆ ತುಸು ಕಡಿಮೆ. ಮುನ್ನೂರ ಚಿಲ್ಲರೆ ತುಣುಕುಗಳು. ಒಂದೊಂದನ್ನೂ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿ, ಉಜ್ಜಿ, ಬಣ್ಣ ಹಚ್ಚಿ, ಚಿಮಟಿಗೆಯಲ್ಲಿ ಹಿಡಿದು ಅಂಟಿಸಬೇಕು. ಲಾರಿಗಳ ಹಿಂದೆ ಅಕ್ಷರ ಬರೆದೇ ಸಂಸಾರ ನಡೆಸಿದ ಕೈ ಕುಬೇರಪ್ಪನದು. ಅದಕ್ಕೆ ಇದು ಕಷ್ಟವಾಗಲಿಲ್ಲ. ಆದರೆ ಡಬ್ಬಿಯ ಚಿತ್ರದಲ್ಲಿದ್ದ ಗಾಡಿ ಅವನಿಗೆ ಬೇಕಿರಲಿಲ್ಲ. ಅವನಿಗೆ ಬೇಕಾದದ್ದು ಕಳಕಪ್ಪನ ಗಾಡಿ.

ಮೂವತ್ತಾರು ವರ್ಷದ ಹಿಂದೆ ಗೆಳೆಯ ಕಳಕಪ್ಪನಿಗೆ ಅವನ ಮಾವ ಹೊಸ ಮೋಟರ್‌ಸೈಕಲ್ ಕೊಟ್ಟಿದ್ದ. ಓಣಿಗೆಲ್ಲ ಅದೇ ಮೊದಲನೆಯದು. ಕಳಕಪ್ಪನ ಮನಸ್ಸು ಎಷ್ಟು ದೊಡ್ಡದೆಂದರೆ, ಕೇಳಿದವರಿಗೆಲ್ಲ ಕೀಲಿ ಕೊಡುತ್ತಿದ್ದ; ತಾನು ನಡೆದೇ ಹೋಗುತ್ತಿದ್ದ. ಕುಷ್ಟಗಿಗೆ ಹೆಣ್ಣು ನೋಡಲು ಹೊರಟ ಕುಬೇರಪ್ಪನಿಗೂ ಕೊಟ್ಟ. ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು ತಿಂದು ಹೊರಗೆ ಬಂದರೆ ಬಾಗಿಲಲ್ಲಿ ಗಾಡಿ ಇಲ್ಲ.

"ಗಾಡಿ ಹೋತು, ನಾ ಬಂದೆ," ಎಂದು ಹುಲಗಮ್ಮ ಈಗಲೂ ಹಂಗಿಸುತ್ತಾಳೆ. "ಯಾವುದು ಲುಕ್ಸಾನ ಅಂತ ಇನ್ನೂ ಹೇಳಿಲ್ಲ ಇವರು."

ಕಳಕಪ್ಪ ಅವತ್ತು ಒಂದು ಬಿರುಮಾತೂ ಆಡಲಿಲ್ಲ. ದೋಸ್ತನ ಹೆಸರು ಠಾಣೆಗೆ ಹೋಗಬಾರದೆಂದು ಫಿರ್ಯಾದಿಯನ್ನೂ ಕೊಡಲಿಲ್ಲ. ಬದಲಿಗೆ ಏನು ಕೊಡಹೋದರೂ ತೆಗೆದುಕೊಳ್ಳಲಿಲ್ಲ. ಮತ್ತೆ ಗಾಡಿ ಕೊಳ್ಳಲೂ ಇಲ್ಲ. ಆ ದುಃಖವನ್ನು ನೋಡಲಾರದೆ ಕುಬೇರಪ್ಪ ಮರುದಿನವೇ ಅವನ ಬಾಗಿಲಿಗೆ ಸೈಕಲ್ ತಂದು ನಿಲ್ಲಿಸಿದ. ಅವತ್ತಿನಿಂದ ಕಳಕಪ್ಪ ಎಲ್ಲಿಗೆ ಹೊರಟರೂ ಇವನೇ ಸಾರಥಿ. ಮೊದಲು ಸೈಕಲ್ಲಿನ ಕ್ಯಾರಿಯರ್, ಆಮೇಲೆ ಮೊಪೆಡ್ಡು, ಈಗ ಸ್ಕೂಟರು. ಸಂತೆ, ಮದುವೆ, ಯಲಬುರ್ಗಾದ ಬೀಗರ ಮನೆ, ಹಲ್ಲು ಕೀಳಿಸುವುದು, ಎಲ್ಲಕ್ಕೂ.

ಈಗ ಕುಬೇರಪ್ಪನ ಬೆನ್ನು ಸೋತಿತ್ತು. ಇನ್ನು ಸ್ಕೂಟರ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಋಣ ಹೊತ್ತುಕೊಂಡು ಹ್ಯಾಂಡಲ್ ಬಿಡುವುದು ಹೇಗೆ? ಕಳಕಪ್ಪನ ಬಾಯಿಂದ 'ಮುಟ್ಟಿತು' ಎಂಬ ಒಂದು ಮಾತು ಬರಬೇಕು. ಅಷ್ಟು ಬಂದರೆ ಸಾಕೆಂದು ದಿನಾ ದೇವರ ಮುಂದೆ ಕೈಮುಗಿಯುತ್ತಿದ್ದ.

ನೆನಪಿನಿಂದಲೇ ಎಲ್ಲವನ್ನೂ ಕೂಡಿಸಿದ. ಟ್ಯಾಂಕಿನ ಬಲಗಡೆಯ ತಗ್ಗನ್ನು ಬಿಸಿ ಚಮಚದಿಂದ ಒತ್ತಿ ಮೂಡಿಸಿದ. ಚೈನಿಗೆ ಕಪ್ಪು ಬಣ್ಣ ತೆಳ್ಳಗೆ ಹರಿಸಿ ಎಣ್ಣೆಜಿಡ್ಡು ಬರಿಸಿದ. ಒಂದೇ ಎಳೆಯ ಕುಂಚದಲ್ಲಿ ನಂಬರ್ ಬರೆದ. ಎಡಗಾಲಿಡುವ ಕಡ್ಡಿಯ ಹತ್ತಿರ ಮಾತ್ರ ಕೈ ತಡೆಯಿತು. ಆ ದಿನ ಕುಷ್ಟಗಿಗೆ ಹೋಗುವಾಗ ಕನಕಗಿರಿ ದಾಟಿದ ಮೇಲೆ ಗಾಡಿ ಜಾರಿ ಬಿದ್ದು, ಅದರ ರಬ್ಬರು ಕಿತ್ತು ಹೋಗಿತ್ತು. ಟವೆಲ್ಲಿನ ಹಸಿರು ಅಂಚು ಹರಿದು ಸುತ್ತಿದ್ದ. ಸರಿಮಾಡಿಸಿ ಕೊಟ್ಟರಾಯಿತೆಂದು ಯಾರಿಗೂ ಹೇಳಿರಲಿಲ್ಲ. ಹೇಳುವ ಮೊದಲೇ ಗಾಡಿಯೇ ಹೋಯಿತು. ಇಸಿದುಕೊಂಡಾಗ ಹೇಗಿತ್ತೋ ಹಾಗೇ ಕೊಡಬೇಕು ಎಂದುಕೊಂಡು ಕಡ್ಡಿಗೆ ಕಪ್ಪು ರಬ್ಬರನ್ನೇ ಹಾಕಿದ.

ಬಿಸಿಲೇರಿ ಮಂಜು ಕರಗಿತು. ಟ್ಯಾಂಕು ಒಣಗಿ ತನ್ನ ಜಾಗದಲ್ಲಿ ಕೂತಿತು. ಹೊಸ ಗಾಡಿ ಪೂಜೆಯಿಲ್ಲದೆ ಹೊಸ್ತಿಲು ದಾಟಬಾರದೆಂದು ಹುಲಗಮ್ಮ ಕುಂಕುಮ ಹಚ್ಚಿದಳು. ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರೆ ಗಾಡಿಯೇ ಮಗುಚುತ್ತಿತ್ತು. ಬದಲಿಗೆ ಗೋಲಿಯಷ್ಟಿರುವ ಎರಡು ಬಾರಿಹಣ್ಣು ಇಟ್ಟಳು.

ಎರಡು ಓಣಿ ಆಚೆಯ ಕಳಕಪ್ಪನ ಮನೆಗೆ ಕುಬೇರಪ್ಪ ಅದನ್ನು ಎದೆಗವಚಿಕೊಂಡು ನಡೆದ. ಕಳಕಪ್ಪ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ.

"ಏನಲೇ, ಇವತ್ತ ನಡಕೊಂಡ ಬಂದಿ? ನಾ ಕೊಪ್ಪಳಕ್ಕ ಹೋಗಬೇಕಿತ್ತಲ್ಲ."

ಕುಬೇರಪ್ಪ ಗಾಡಿಯನ್ನು ಅವನ ಮುಂದಿಟ್ಟ. "ನಿಂದು. ತಡ ಆತು."

ಕಳಕಪ್ಪ ಕನ್ನಡಕ ಏರಿಸಿಕೊಂಡ. ಬಹಳ ಹೊತ್ತು ನೋಡಿದ. ಗಾಲಿ ತಿರುವಿದ. ತಗ್ಗಿನ ಮೇಲೆ ಬೆರಳಾಡಿಸಿದ. ಕಣ್ಣು ತುಂಬಿ ಬಂತು.

"ಎಲ್ಲಾ ಬರೋಬ್ಬರಿ ಮಾಡೀಯಲ್ಲೋ," ಎಂದ. "ಈ ಎಡಗಾಲಿನ ಕಡ್ಡಿಗೆ ಹಸರ ಅರಿವಿ ಸುತ್ತಿತ್ತಲ್ಲ, ಅದನ್ನೊಂದ ಮರತಿ ನೋಡು."

ಕುಬೇರಪ್ಪ ಚಹಾದ ಬಟ್ಟಲನ್ನು ಮೆಲ್ಲಗೆ ಸರಿಸಿ ಕಟ್ಟೆಯ ಮೇಲೆ ಕೂತ. "ಅದನ್ನ ನಾ ಸುತ್ತಿದ್ದು ಅವತ್ತ, ಕಳಕಪ್ಪ. ಕನಕಗಿರಿ ದಾಟಿದ ಮ್ಯಾಲೆ."

ಕಳಕಪ್ಪ ಕನ್ನಡಕ ತೆಗೆದು ಕಟ್ಟೆಯ ಮೇಲಿಟ್ಟ.

"ಮಾವ ಕೊಟ್ಟದ್ದು, ಮಾರಾಂಗಿಲ್ಲ," ಎಂದ. "ಹತ್ತಿದ್ರ ಕಾಲು ನಡಗತಿದ್ವು. ಬಂದಾಗೊಮ್ಮೆ ಮಾವ 'ಒಂದ ಸುತ್ತು ಕರಕೊಂಡ ಹೋಗ್ರಿ ಅಳಿಯಂದ್ರ' ಅಂತಿದ್ದ. ಕಳುವಾತು ಅಂದ್ರ ಯಾರೂ ಕೇಳಾಂಗಿಲ್ಲ ಅಂತ ಬಸ್ಸಿನ್ಯಾಗ ನಿನ್ನ ಹಿಂದಿಂದ ಕುಷ್ಟಗಿಗೆ ಬಂದೆ. ಓಡಸಲಿಕ್ಕೆ ಬರಾಂಗಿಲ್ಲ, ಸಂತಿ ತನಕ ದಬ್ಬಿಕೊಂಡ ಹೋಗಿ ಒಬ್ಬಾಂವಗ ಕೊಟ್ಟೆ. ಆ ಅರಿವಿ ದಾರಿಗುಂಟ ಕಾಲಿಗೆ ತೊಡರತಿತ್ತು."

"ಮರುದಿನ ಹೇಳಬೌದಿತ್ತು."

"ಹೇಳಬೇಕಂತನ ಎದ್ದಿದ್ದೆ. ನೀ ಸೈಕಲ್ ತಂದು ನಿಲ್ಲಿಸಿದಿ. ಹಿಂದ ಕುಂತೆ. ಭಾಳ ಆರಾಮ ಅನಿಸ್ತು."

ಕಳಕಪ್ಪ ಎದ್ದು ಒಳಗೆ ಹೋಗಿ ಬಂದ; ಕುಬೇರಪ್ಪನ ಮುಷ್ಟಿ ಬಿಡಿಸಿ, ಕಳುವಾದ ಆ ಹಳೇ ಗಾಡಿಯ ಎರಡನೇ ಕೀಲಿಯನ್ನು ಅಂಗೈಯಲ್ಲಿಟ್ಟು, "ಮುಟ್ಟಿತೇನು?" ಎಂದು ಕೇಳಿದ.